ಕಾಲ್ಡರ್ ಕಣಿವೆಯ ಹನ್ನೊಂದು ಕಲ್ಲುಗುಪ್ಪೆಗಳು

ಡನೀಡಿನ್
24 ನವೆಂಬರ್ 1991

ಎಫೀ ಅತ್ತೆಗೆ,

ಈ ಬೇಸಿಗೆ, ಜನವರಿಯಲ್ಲಿ, ನನಗೆ ಹತ್ತು ದಿನ ರಜೆ ಸಿಕ್ಕಿದೆ. ಕಾಲ್ಡರ್ ಕಣಿವೆಗೆ ಹೋಗುತ್ತೇನೆ. ಅಪ್ಪನನ್ನು ದಾರಿ ಕೇಳಿದರೆ, "ನನ್ನನ್ನೇನು ಕೇಳ್ತೀಯ? ಅಕ್ಕನಿಗೆ ಬರಿ. ಆ ಕಣಿವೇಲಿ ಅವಳು ತುಳೀದೆ ಇರೋ ಕಲ್ಲಿಲ್ಲ" ಅಂದರು. ಅದಕ್ಕೇ ಈ ಕಾಗದ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಮೋಜಿಗೆ ಹೋಗುತ್ತಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಣಗುವಷ್ಟು ಹೊತ್ತು, ಅಂದರೆ ಇಪ್ಪತ್ತು ನಿಮಿಷ, ನಮಗೆ ಕೆಲಸವಿರುವುದಿಲ್ಲ. ಉಳಿದವರು ಸಿಗರೇಟು ಸೇದುತ್ತಾರೆ, ನಾನು ಕರಪತ್ರ ಓದುತ್ತೇನೆ. ಈ ವರ್ಷ ಮೂವತ್ತೊಂದು ಓದಿದ್ದೇನೆ. ಅವುಗಳಲ್ಲಿ 'ಪರ್ವತ ಯಾರ ಆಟದ ಮೈದಾನವೂ ಅಲ್ಲ' ಎಂಬ ಎಂಟು ಪುಟದ ಒಂದನ್ನು ಬಾಯಿಪಾಠ ಮಾಡಿದ್ದೇನೆ. ರಕ್ಷಿತ ಕಾಡು ಎಂದು ಹಲಗೆ ಬರೆದು ನೆಟ್ಟು, ಅದರ ಪಕ್ಕದಲ್ಲೇ ಸೇತುವೆ, ಬಿಡಾರ, ಬೆಂಚು ಕಟ್ಟುತ್ತೇವಲ್ಲ, ಇದೆಂಥ ರಕ್ಷಣೆ? ಆದ್ದರಿಂದ ನಾನು ಬಿಡಾರದಲ್ಲಿ ಮಲಗುವುದಿಲ್ಲ. ಒಂದು ಕಡ್ಡಿ ಮುರಿಯುವುದಿಲ್ಲ, ನನ್ನ ಗುರುತು ಎಲ್ಲೂ ಉಳಿಸುವುದಿಲ್ಲ. ಇದಕ್ಕಾಗಿ ನಾವೊಂದು ಕೂಟವನ್ನೇ ಕಟ್ಟಿದ್ದೇವೆ. ಸದ್ಯಕ್ಕೆ ಮೂರು ಜನ. ಅವರಲ್ಲಿ ಒಬ್ಬಳು ಸಭೆಗೆ ಬರುವುದಿಲ್ಲ.

ನೀವೂ ಬರುತ್ತೀರಾ? ಬಂದರೆ ನಿಮ್ಮ ಜೊತೆ ಜಗಳವಾಡಿಕೊಂಡು ಹತ್ತಬಹುದು.

ಐಲ್ಸಾ

⁂

ನೆಲ್ಸನ್
5 ಡಿಸೆಂಬರ್ 1991

ಐಲ್ಸಾ,

ಮೂವತ್ತೊಂದು ಕರಪತ್ರ ಓದಿದವಳಿಗೆ ಹೇಳುವಂಥದ್ದು ನನ್ನಲ್ಲಿ ಹೆಚ್ಚೇನೂ ಇಲ್ಲ. ದಾರಿ ಸುಲಭ. ಬಸ್ಸಿನವನಿಗೆ ಕಾಲ್ಡರ್ ಸೇತುವೆ ಎಂದು ಹೇಳು. ನದಿಯನ್ನು ಎಡಕ್ಕಿಟ್ಟುಕೊಂಡು ನಾಲ್ಕು ಗಂಟೆ ನಡೆದರೆ ತಗಡಿನ ಬಿಡಾರ. ಅಲ್ಲಿಂದ ಎರಡು ಗಂಟೆ ಏರಿದರೆ ಮೇಲಿನ ಬೋಗುಣಿ, ಅಂದರೆ ಶಿಖರಗಳ ನಡುವಿನ ಬಟ್ಟಲಿನಂಥ ತಗ್ಗು. ಅಲ್ಲಿ ಒಂದು ಚಿಕ್ಕ ಕೆರೆ, ಮಿಕ್ಕಿದ್ದೆಲ್ಲ ಬಂಡೆ. ಈಟಿಹುಲ್ಲನ್ನು ಹಿಡಿದುಕೊಂಡು ಹತ್ತಬೇಡ, ಅದರ ಮೇಲೆ ಕೂರಲಂತೂ ಬೇಡ.

ನಾನು ಬರುವುದಿಲ್ಲ. ಇಲ್ಲಿಗೆ ಬಂದಮೇಲೆ ಟೊಮೇಟೊ ಹಾಕಿದ್ದೇನೆ, ಜನವರಿಯಲ್ಲಿ ದಿನವೂ ನೀರು ಬೇಕು.

ಆದರೆ ನನ್ನದೊಂದು ಕೆಲಸ ಮಾಡಿಕೊಡು. ಆ ಬೋಗುಣಿಯಲ್ಲಿ ಬಂಡೆಗುಬ್ಬಿಗಳಿವೆ. ಬಾಲವಿಲ್ಲದ, ಮೊಣಕಾಲು ಮಡಿಸಿ ಮಡಿಸಿ ಕುಣಿಯುವ, ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ಹಕ್ಕಿ. ಇಪ್ಪತ್ತೆಂಟು ವರ್ಷದಿಂದ ಪ್ರತಿ ಜನವರಿ ನಾನು ಅವನ್ನು ಎಣಿಸುತ್ತಿದ್ದೇನೆ. ಮೊದಲ ವರ್ಷ ನಲವತ್ತೊಂದಿದ್ದವು. ಹೋದ ವರ್ಷ ಹದಿನೇಳು. ಮುಂಗುಸಿಯ ಹಾಗಿರುವ ಆ ಹಾಳು ಸ್ಟೋಟು ಗೂಡಿಗೇ ನುಗ್ಗಿ ತಿನ್ನುತ್ತದೆ. ನನ್ನ ಲೆಕ್ಕ ತೋರಿಸಿ ತೋರಿಸಿ ಸಂರಕ್ಷಣಾ ಇಲಾಖೆಯವರಿಂದ ಕಣಿವೆಯಲ್ಲಿ ಬೋನು ಇಡಿಸಿದ್ದೇನೆ. ಇಟ್ಟು ಎರಡು ವರ್ಷವಾಯಿತು. ಅದರಿಂದ ಉಪಯೋಗವಾಯಿತೇ ಇಲ್ಲವೇ ಎಂದು ಈ ಸಲದ ಲೆಕ್ಕದಿಂದ ಗೊತ್ತಾಗಬೇಕು. ಇಲ್ಲವಾದರೆ ಬೋನು ತೆಗೆದುಬಿಡುತ್ತೇವೆ ಎಂದಿದ್ದಾರೆ. ಹೇಗೆ ಎಣಿಸಬೇಕು ಎಂಬುದೆಲ್ಲ ಬಿಡಾರದ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದೆ. ಬಿಡಾರದಲ್ಲಿ ಮಲಗದಿದ್ದರೆ ಬೇಡ, ಡಬ್ಬಿ ಮಾತ್ರ ತೆಗೆದು ಓದು.

ಎಫೀ ಅತ್ತೆ

⁂

ಡನೀಡಿನ್
16 ಡಿಸೆಂಬರ್ 1991

ಎಫೀ ಅತ್ತೆಗೆ,

ಲೆಕ್ಕ ನನಗೆ ಬಿಡಿ. ಹಕ್ಕಿಗಾಗಿ ಅಲ್ಲದೆ ಇನ್ನು ಯಾತಕ್ಕೆ ಹೋಗುತ್ತಿದ್ದೇನೆ?

ನೀವು ಬರದಿರುವುದಕ್ಕೆ ಮಾತ್ರ ನನಗೆ ಸಿಟ್ಟಿದೆ. ಹದಿನೇಳು ಹಕ್ಕಿ ಉಳಿದಿರುವಾಗ ಟೊಮೇಟೊಗೆ ನೀರು ಹಾಕುತ್ತಾ ಕೂರುವುದೇ? ಬೆಚ್ಚಗಿನ ಊರು ಮನುಷ್ಯರನ್ನು ಎಷ್ಟು ಬೇಗ ಮೆತ್ತಗಾಗಿಸುತ್ತದೆ ಎಂದು ನಮ್ಮ ಕೂಟದಲ್ಲಿ ನಿಮ್ಮ ಉದಾಹರಣೆಯನ್ನೇ ಕೊಟ್ಟೆ. ಹೆಸರು ಹೇಳಲಿಲ್ಲ.

ಐಲ್ಸಾ

⁂

ಡನೀಡಿನ್
21 ಜನವರಿ 1992

ಎಫೀ ಅತ್ತೆಗೆ,

ನಿನ್ನೆ ಮರಳಿದೆ. ಬಿಸಿಲಿಗೆ ನನ್ನ ಮೂಗಿನ ಸಿಪ್ಪೆ ಸುಲಿದಿದೆ, ಮಂಡಿಯಲ್ಲಿ ಈಟಿಹುಲ್ಲಿನ ಮುಳ್ಳಿದೆ (ಹೇಳಿದ್ದಿರಿ, ಒಪ್ಪಿಕೊಳ್ಳುತ್ತೇನೆ), ಮತ್ತು ಹುಟ್ಟಿದಾಗಿನಿಂದ ಇಷ್ಟು ಖುಷಿಯಾಗಿ ನಾನು ಇದ್ದದ್ದಿಲ್ಲ.

ಮೊದಲ ದಿನ ನದಿಯ ಪಕ್ಕದಲ್ಲಿ ಟೆಂಟು ಹಾಕಿದೆ. ಬಿಡಾರದಲ್ಲಿ ಇಬ್ಬರು ವಯಸ್ಸಾದವರಿದ್ದರು, ಕ್ಲೆಮ್ ಮತ್ತು ಅವರ ಹೆಂಡತಿ ಮೇವಿಸ್. ಸಂಜೆ ಸಣ್ಣಗೆ ಮಳೆ ಹಿಡಿಯಿತು. ಕ್ಲೆಮ್ ಬಾಗಿಲಲ್ಲಿ ನಿಂತು ಕೂಗಿದರು.

"ಏ ಹುಡುಗಿ! ಒಳಗ್ ಬಾರೇ, ಬೆಂಕಿ ಹಾಕಿದೀನಿ."

"ಬೇಡ. ನಾನು ಬಿಡಾರದೊಳಗೆ ಕಾಲಿಡಲ್ಲ. ತತ್ವದ ಪ್ರಶ್ನೆ."

"ಹೌದಾ? ತತ್ವ ನೆಂದ್ರೆ ಒಣಗೋಕೆ ಎಷ್ಟು ದಿನ ಹಿಡಿಯುತ್ತೆ?"

"ರೀ, ಸುಮ್ನಿರಿ" ಎಂದು ಮೇವಿಸ್ ಅವರನ್ನು ಪಕ್ಕಕ್ಕೆ ತಳ್ಳಿ ಲೋಟ ಹಿಡಿದು ಮಳೆಯಲ್ಲೇ ಬಂದರು. "ತಗೊಳಮ್ಮ ಚಹಾ. ನಿನ್ ತತ್ವಕ್ಕೆ ಸಕ್ಕರೆ ಎಷ್ಟು?"

ಎರಡು ಚಮಚ ಎಂದೆ. ಹೊರಗೆ ನಿಂತೇ ಕುಡಿದೆ. ಒಳಗೆ ಮಾತ್ರ ಹೋಗಲಿಲ್ಲ. ಅಂದರೆ ನಿಮ್ಮ ಡಬ್ಬಿಯನ್ನೂ ತೆಗೆಯಲಿಲ್ಲ. ಕೋಪ ಮಾಡಿಕೊಳ್ಳಬೇಡಿ. ಒಂದು ಸಲ ಹೊಸಿಲು ದಾಟಿದರೆ ಇನ್ನೊಂದು ಸಲಕ್ಕೆ ಕಾರಣ ತಾನಾಗಿ ಹುಟ್ಟುತ್ತದೆ. ಹಕ್ಕಿ ಎಣಿಸಲು ಕಣ್ಣಿದ್ದರೆ ಸಾಕು, ಪುಸ್ತಕ ಯಾಕೆ?

ಮರುದಿನ ಮೋಡ ಹರಿಯಿತು. ಮೇಲೆ ಹತ್ತಿದರೆ ಬಿಳಿ ಹೂವು ಎಷ್ಟೆಂದರೆ ಕಾಲಿಡಲು ಜಾಗ ಹುಡುಕಬೇಕು. ಎರಡು ಕಿಯಾ ಗಿಣಿಗಳು ನನ್ನ ಬೂಟಿನ ದಾರ ಎಳೆದು ಹಾಕಿದವು, ಆಮೇಲೆ ಟೆಂಟಿನ ಗೂಟ ಒಂದನ್ನು ಕದ್ದು, ಬೇಕೆಂದೇ ನನಗೆ ಕಾಣುವ ಹಾಗೆ ಕಚ್ಚಿಕೊಂಡು ಕೂತವು. ಬಂಡೆಗುಬ್ಬಿಯನ್ನು ಮೊದಲು ಕೇಳಿದೆ, ಆಮೇಲೆ ಕಂಡೆ. ಸೂಜಿಯಷ್ಟು ತೆಳುವಾದ ಮೂರು ಸ್ವರ. ತಿರುಗಿದರೆ ಅಂಗೈ ಅಗಲದ ಕಲ್ಲಿನ ಮೇಲೆ ನಿಂತು, ನನಗೆ ನಮಸ್ಕಾರ ಹೇಳುವಂತೆ ಬಗ್ಗಿ ಬಗ್ಗಿ ಏಳುತ್ತಿತ್ತು. ಅತ್ತೆ, ನಾನು ಅತ್ತುಬಿಟ್ಟೆ. ಕೂಟದಲ್ಲಿ ಇದನ್ನು ಹೇಳಲಾರೆ.

ಒಟ್ಟು ಹದಿನಾಲ್ಕು. ಹದಿನೈದೂ ಇರಬಹುದು, ಒಂದು ಎರಡು ಸಲ ಬಂದ ಹಾಗಿತ್ತು.

ಈಗ ನಿಜವಾದ ಸುದ್ದಿ. ಆ ಬೋಗುಣಿಯಲ್ಲಿ ಯಾರೋ ಕಲ್ಲಿನ ಮೇಲೆ ಕಲ್ಲು ಪೇರಿಸಿ ಮೊಣಕಾಲೆತ್ತರದ ಗುಪ್ಪೆಗಳನ್ನು ಮಾಡಿಟ್ಟಿದ್ದರು. ಕೆರೆಯ ಸುತ್ತ, ಬಂಡೆಗಳ ನಡುವೆ, ಕಂಡಕಂಡಲ್ಲಿ. 'ಇಲ್ಲಿಗೆ ನಾನು ಬಂದಿದ್ದೆ' ಎಂದು ಪರ್ವತದ ಮೈಮೇಲೆ ಹೆಸರು ಕೆತ್ತುವವರ ಜಾತಿಯೇ ಇದು. ಒಂದನ್ನೂ ಬಿಡಲಿಲ್ಲ. ಒಂದೂವರೆ ದಿನ ಹಿಡಿಯಿತು. ಎಲ್ಲವನ್ನೂ ಕೆಡವಿ, ಕಲ್ಲುಗಳನ್ನು ದೂರ ದೂರ ಒಯ್ದು, ಹಾವಸೆ ಹಿಡಿದ ಮುಖ ಮೇಲೆ ಬರುವಂತೆ ಇಟ್ಟೆ. ಅಲ್ಲೇನಿತ್ತು ಎಂದು ಈಗ ದೇವರಿಗೂ ಗೊತ್ತಾಗಲಾರದು. ಹನ್ನೊಂದು ಗುಪ್ಪೆ, ಅತ್ತೆ! ಎಣಿಸಿದ್ದೇನೆ.

ಐಲ್ಸಾ

⁂

ನೆಲ್ಸನ್
29 ಜನವರಿ 1992

ಐಲ್ಸಾ,

ಕಾಗದ ತಲುಪಿತು. ಕ್ಷೇಮವಾಗಿ ಮರಳಿದ್ದು ಸಂತೋಷ. ಹಕ್ಕಿ ನೋಡಿ ಕಣ್ಣೀರು ಬಂದದ್ದರಲ್ಲಿ ನಾಚಿಕೆಯ ಮಾತೇನಿಲ್ಲ.

ಇಲ್ಲಿ ಬಿಸಿಲು. ಟೊಮೇಟೊ ಕೆಂಪಾಗಿವೆ.

ಎಫೀ ಅತ್ತೆ

⁂

ಡನೀಡಿನ್
5 ಫೆಬ್ರವರಿ 1992

ಎಫೀ ಅತ್ತೆಗೆ,

ನಿಮ್ಮ ಕಾಗದ ತುಂಬಾ ಚಿಕ್ಕದಿತ್ತು. ತೋಟದ ಕೆಲಸ ಜೋರಾಗಿರಬೇಕು. ಡಬ್ಬಿಯ ವಿಚಾರಕ್ಕೆ ಬೈಯುತ್ತೀರಿ ಎಂದುಕೊಂಡಿದ್ದೆ. ಬೈಯಲಿಲ್ಲವೆಂದರೆ ಮನಸ್ಸಿನಲ್ಲಿ ಒಪ್ಪಿದ್ದೀರಿ ಎಂದೇ ತಿಳಿದಿದ್ದೇನೆ.

ಆ ಧೈರ್ಯದಲ್ಲೇ ನಮ್ಮ ಕೂಟದ ಮೊದಲ ಕರಪತ್ರ ಬರೆಯಲು ಕೂತಿದ್ದೇನೆ. ಹೆಸರು, 'ಹನ್ನೊಂದು ಕಲ್ಲುಗುಪ್ಪೆಗಳ ಪತನ'. ನಾಲ್ಕು ಪುಟ. ನಿಮಗೆ ಅರ್ಪಣೆ ಮಾಡಬಹುದೇ? ಇಪ್ಪತ್ತೆಂಟು ವರ್ಷ ಆ ಕೊಳಕನ್ನು ಸಹಿಸಿಕೊಂಡವರು ನೀವು.

ಐಲ್ಸಾ

⁂

ಡನೀಡಿನ್
16 ಫೆಬ್ರವರಿ 1992

ಅತ್ತೆ,

ಹನ್ನೊಂದು ದಿನವಾದರೂ ನಿಮ್ಮ ಉತ್ತರವಿಲ್ಲ. ಇವತ್ತು ಮಧ್ಯಾಹ್ನ ಊಟಕ್ಕೆ ಅಪ್ಪನ ಮನೆಗೆ ಹೋಗಿದ್ದೆ. ಕರಪತ್ರದ ಕರಡು ಓದಿ ಹೇಳಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅಪ್ಪ ಚಮಚ ಕೆಳಗಿಟ್ಟರು.

"ಐಲ್ಸಾ, ಎಷ್ಟು ಗುಪ್ಪೆ ಅಂದೆ?"

"ಹನ್ನೊಂದು."

"ಕೆರೆ ಸುತ್ತ?"

"ಹೌದಪ್ಪ, ಕೇಳಿ, ಇನ್ನೂ ಇದೆ..."

"ಓದ್ಬೇಡ ಸಾಕು. ಅದು ಎಫೀ ಕಟ್ಟಿದ್ದು ಕಣೇ. ಮೊದಲ್ನೇ ವರ್ಷ ನಾನೇ ಕಲ್ಲು ಹೊತ್ತಿದೀನಿ. ಒಂದೊಂದು ಗುಪ್ಪೆ ಹತ್ರ ಕೂತು, ಹತ್ತು ನಿಮಿಷ ಅಲ್ಲಾಡದೆ ಎಣಿಸೋದು. ಪ್ರತಿ ವರ್ಷ ಅದೇ ಜಾಗ. ಜಾಗ ಬದಲಾದ್ರೆ ಲೆಕ್ಕ ಎಲ್ಲಿಂದ ಬಂತು?"

ಅಪ್ಪ ಇನ್ನೂ ಒಂದು ಹೇಳಿದರು. "ಟೊಮೇಟೊ ಅಂತೆ ಟೊಮೇಟೊ! ಅವಳ ಸೊಂಟದ ಕೀಲು ಸವೆದುಹೋಗಿದೆ. ಅಂಚೆಪೆಟ್ಟಿಗೆ ತನಕ ಹೋಗೋಕೂ ಎರಡು ಕೋಲು ಬೇಕು. ನಿಂಗೆ ಹೇಳ್ಬೇಡ ಅಂದಿದ್ಲು. 'ಪಾಪ ಅಂತ ಹೋಗೋದು ಬೇಡ, ಆಸೆಪಟ್ಟು ಹೋಗ್ಲಿ' ಅಂದ್ಲು."

ನಾನು ನಿಮ್ಮನ್ನು ಮೆತ್ತಗಾದವರು ಎಂದೆ. ಕೂಟದಲ್ಲಿ ಹೇಳಿದೆ. ಇಪ್ಪತ್ತೆಂಟು ವರ್ಷದ ಲೆಕ್ಕವನ್ನು ಒಂದೂವರೆ ದಿನದಲ್ಲಿ ಅಳಿಸಿ, ಹಾವಸೆ ಮೇಲೆ ಮಾಡಿ ಇಟ್ಟೆ. ನನ್ನ ಹದಿನಾಲ್ಕೋ ಹದಿನೈದೋ ಯಾರಿಗೂ ಬೇಡ. ಬೋನು ತೆಗೆದರೆ ಉಳಿದ ಹಕ್ಕಿಗಳನ್ನು ಕೊಂದವಳು ನಾನೇ. ಕರಡನ್ನು ಅಪ್ಪನ ಒಲೆಗೆ ಹಾಕಿದೆ.

ಬೈಯಿರಿ. ಇಲ್ಲವಾದರೆ ನಾನು ಅಲ್ಲಿಗೇ ಬಂದು ಬೈಸಿಕೊಳ್ಳುತ್ತೇನೆ.

ಐಲ್ಸಾ

⁂

ನೆಲ್ಸನ್
20 ಫೆಬ್ರವರಿ 1992

ಐಲ್ಸಾ,

ಬಸ್ಸು ಹತ್ತಬೇಡ, ಇಲ್ಲಿಂದಲೇ ಬೈಯುತ್ತೇನೆ.

ಕತ್ತೆ! ಗುಪ್ಪೆ ಕಂಡರೆ ಯಾರು ಇಟ್ಟರು, ಯಾಕೆ ಇಟ್ಟರು ಎಂದು ಒಂದು ಕ್ಷಣ ನಿಂತು ಯೋಚಿಸಬಾರದೇ? ಆ ಕರಪತ್ರ ಬರೆದವನು ಒಮ್ಮೆಯಾದರೂ ಮಂಜಿನಲ್ಲಿ ದಾರಿ ತಪ್ಪಿದ್ದಾನೆಯೇ ಕೇಳು. ಒಳಗೆ ಹೋಗಿ ಡಬ್ಬಿ ತೆಗೆ ಎಂದು ಅಷ್ಟು ಬಿಡಿಸಿ ಬರೆದಿದ್ದೆ. ನಿನ್ನ ಕಾಗದ ಬಂದ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿನಲ್ಲಿ ನಾಲ್ಕು ಪುಟ ಬರೆದೆ. ಆದರೆ ಹಕ್ಕಿ ನೋಡಿ ಅತ್ತುಬಿಟ್ಟೆ ಎಂದು ನೀನು ಬರೆದಿದ್ದೆಯಲ್ಲ, ಆ ಸಾಲಿನ ಮೇಲೆ ಕಣ್ಣು ಬಿತ್ತು. ಇವಳಿಗೆ ಆ ಹಕ್ಕಿ ಹೀಗೆ ಸಿಕ್ಕಿರುವಾಗ ಈ ನಾಲ್ಕು ಪುಟ ಕಳಿಸಿದರೆ ಮತ್ತೆ ಆ ಕಣಿವೆಗೆ ಹೋಗುವುದಿಲ್ಲ ಎನಿಸಿತು. ಹರಿದೆ. ಅದು ನನ್ನ ತಪ್ಪು. ಆಗಲೇ ಬೈದಿದ್ದರೆ ಮೂರು ವಾರ ಉಳಿಯುತ್ತಿತ್ತು. ಸೊಂಟದ ಸಂಗತಿ ಮುಚ್ಚಿಟ್ಟದ್ದೂ ನನ್ನದೇ ಜಂಬ. ಮೊದಲೇ ಹೇಳಿದ್ದರೆ ನೀನು ಡಬ್ಬಿ ತೆಗೆಯುತ್ತಿದ್ದೆಯೋ ಏನೋ. ಇಲ್ಲ, ತೆಗೆಯುತ್ತಿರಲಿಲ್ಲ. ನಿನ್ನನ್ನು ನಾನು ಬಲ್ಲೆ.

ಈಗ ಕೇಳು, ಲೆಕ್ಕ ಪೂರ್ತಿ ಸತ್ತಿಲ್ಲ. ಮನೆಯಲ್ಲಿ ನನ್ನ ಹತ್ತಿರ ಬರೀ ಸಂಖ್ಯೆಗಳಿವೆ. ಆದರೆ ಮೊದಲ ವರ್ಷ, ಗುಪ್ಪೆ ಕಟ್ಟುವ ಮುಂಚೆ, ಹನ್ನೊಂದು ಜಾಗದಲ್ಲೂ ಕೂತು, ಎದುರಿಗೆ ಏನು ಕಾಣುತ್ತದೆ ಎಂದು ಬರೆದಿಟ್ಟಿದ್ದೆ. ಅದು ಡಬ್ಬಿಯಲ್ಲೇ ಇದೆ. ಹೋಗುವುದಾದರೆ ಮಾರ್ಚ್ ಮೊದಲ ವಾರದೊಳಗೆ ಹೋಗು, ಆಮೇಲೆ ಚಳಿ ಶುರುವಾಗಿ ಹಿಮ ಬೀಳಬಹುದು. ತಿಂಗಳು ತಡವಾಯಿತೆಂದು ಪಕ್ಕದಲ್ಲಿ ಬರೆ. ಈ ವರ್ಷದ ಮರಿಗಳು ಹಾರುತ್ತಿರುತ್ತವೆ, ಕೊಕ್ಕಿನ ಬುಡದಲ್ಲಿ ಹಳದಿ ಇರುತ್ತದೆ. ಅವನ್ನು ಬೇರೆಯಾಗಿ ಎಣಿಸು. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆ. ನನ್ನನ್ನು ಖುಷಿಪಡಿಸಲು ಒಂದು ಹಕ್ಕಿ ಹೆಚ್ಚಿಗೆ ಬರೆದೆಯೋ, ಈ ಕೋಲಿನಲ್ಲೇ ಹೊಡೆಯುತ್ತೇನೆ.

ಎಫೀ ಅತ್ತೆ

⁂

ಕಾಲ್ಡರ್ ಬಿಡಾರ
1 ಮಾರ್ಚ್ 1992, ಮಧ್ಯಾಹ್ನ

ಅತ್ತೆ,

ಬಿಡಾರದ ಒಳಗೆ, ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಹೊಸಿಲು ದಾಟುವಾಗ ಯಾರೂ ಇರಲಿಲ್ಲ, ಆದರೂ ಕಿವಿ ಬಿಸಿಯಾಯಿತು. ಯಾರೋ ನನಗಿಂತ ಮುಂಚೆ ಬಂದವರು ಒಣ ಸೌದೆ ಸೀಳಿ ಒಲೆಯ ಪಕ್ಕ ಜೋಡಿಸಿ ಹೋಗಿದ್ದರು. ನಾಳೆ ಹೊರಡುವ ಮೊದಲು ನಾನೂ ಅಷ್ಟನ್ನು ಸೀಳಿಡಬೇಕು. ಇಂಥ ಗುರುತು ಉಳಿಸುವುದು ತಪ್ಪೋ ಸರಿಯೋ ಎಂದು ಮೂವತ್ತೊಂದರಲ್ಲಿ ಯಾವ ಕರಪತ್ರವೂ ಹೇಳಿಲ್ಲ.

ನಿಮ್ಮ ಪುಸ್ತಕ ಹಿಡಿದು ಮೂರು ದಿನ ಹುಡುಕಿದೆ. ಮೊದಲ ದಿನ ಒಂದೇ ಒಂದು ಜಾಗವೂ ಸಿಗಲಿಲ್ಲ. 'ನಾಲ್ಕು: ಕೆರೆಯ ತುದಿ ಗೂನುಬಂಡೆಯ ಹಿಂದೆ ಸರಿಯಾಗಿ ಮರೆಯಾಗಬೇಕು' ಎಂದಿದ್ದೀರಿ. ನಾನು ಎಲ್ಲಿ ಕೂತರೂ ಕೆರೆ ಬಂಡೆಯ ಮೇಲಿಂದ ಇಣುಕುತ್ತಿತ್ತು. ನಿಮ್ಮ ಪುಸ್ತಕವನ್ನೇ ಬೈದೆ. ಸಾಕಾಗಿ ಬೆನ್ನು ಬಾಗಿಸಿ ಕುಸಿದು ಕೂತೆ ನೋಡಿ, ಕೆರೆ ಮಾಯ! ಆಗ ಹೊಳೆಯಿತು. ನೀವು ನಾಲ್ಕಡಿ ಹನ್ನೊಂದು ಅಂಗುಲ, ನಾನು ಐದಡಿ ಹತ್ತು. ನಾನು ಹುಡುಕಬೇಕಾದದ್ದು ನಿಮ್ಮ ಕಣ್ಣು ಇದ್ದ ಜಾಗವನ್ನು. ಅಲ್ಲಿಂದ ಮುಂದೆ ಎರಡು ದಿನ ನಿಮ್ಮಷ್ಟೇ ಕುಳ್ಳಾಗಿ, ಕತ್ತನ್ನು ಭುಜದೊಳಗೆ ಎಳೆದುಕೊಂಡು ಬೋಗುಣಿಯಲ್ಲಿ ಕುಕ್ಕರಗಾಲಲ್ಲಿ ಸರಿದಾಡಿದೆ. ಕಿಯಾ ಗಿಣಿಯೊಂದು ಬಂದು ತಲೆ ಓರೆ ಮಾಡಿ ಬಹಳ ಹೊತ್ತು ನೋಡಿತು. ಇಂಥ ಪ್ರಾಣಿಯನ್ನು ಅದು ಮೊದಲು ಕಂಡಿರಲಾರದು.

ಎಂಟರಲ್ಲಿ ಕಷ್ಟವಾಯಿತು. ಅಲ್ಲಿಯ ಕಲ್ಲುಗಳನ್ನು ನಾನು ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೆನೆಂದರೆ ನನಗೇ ಒಂದೂ ಸಿಗಲಿಲ್ಲ. ಕೊನೆಗೆ ನೀವು ಬರೆದ ಎರಡು ಶಿಖರಗಳ ನಡುವಿನ ಸಂದಿ ಸಿಕ್ಕಿತು. ಹನ್ನೊಂದೂ ಸಿಕ್ಕವು, ಅತ್ತೆ. ಹನ್ನೊಂದನೆಯದು ಐದಾರು ಹೆಜ್ಜೆ ಆಚೀಚೆ ಇರಬಹುದು, ಹಾಗೆಂದೇ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಎಣಿಸಿದೆ. ಗಾಳಿಯಿರಲಿಲ್ಲ. ದೊಡ್ಡವು ಇಪ್ಪತ್ತು, ಮರಿ ಒಂಬತ್ತು, ಗೊತ್ತಾಗದ್ದು ಎರಡು. ಹದಿನೇಳಲ್ಲ ಅತ್ತೆ, ಇಪ್ಪತ್ತು! ಒಂದನ್ನೂ ಸೇರಿಸಿಲ್ಲ. ಎರಡು ಸಲ ಬಂದಿರಬಹುದು ಎನಿಸಿದ್ದನ್ನು ಬಿಟ್ಟೆ.

ಒಂದು ಅನುಮಾನವಿದೆ. ನಿಮ್ಮ ಪುಸ್ತಕದಲ್ಲಿ ಏಳನೆಯ ಜಾಗಕ್ಕೆ ಇಪ್ಪತ್ತೆಂಟು ವರ್ಷವೂ ಸೊನ್ನೆ. ನಾನು ಅಲ್ಲಿ ಕೂತಾಗ ಒಂದು ಹೆಣ್ಣುಹಕ್ಕಿ ಬಂದು ನನ್ನ ಬೂಟಿನ ಮೇಲೆ ನಿಂತಿತು. ಒಂದು ಎಂದು ಬರೆದೆ. ಜಾಗ ತಪ್ಪಿದ್ದೇನೆಯೇ? ಹಕ್ಕಿಯೇ ಇಲ್ಲದ ಜಾಗದಲ್ಲಿ ನೀವು ಗುಪ್ಪೆ ಯಾಕೆ ಕಟ್ಟಿದಿರಿ? ಅದು ತಪ್ಪಾಗಿದ್ದರೆ ಉಳಿದ ಹತ್ತೂ ತಪ್ಪಿರಬಹುದು ಎಂದು ಹೆದರಿಕೆ. ಗುಪ್ಪೆಗಳನ್ನು ಮತ್ತೆ ಕಟ್ಟಿಲ್ಲ. ಪ್ರತಿ ಜಾಗದಲ್ಲೂ ಒಂದು ಚಪ್ಪಟೆ ಕಲ್ಲು ಮಾತ್ರ ಇಟ್ಟಿದ್ದೇನೆ. ಕೆಡವಿದವಳು ಕೇಳದೆ ಕಟ್ಟುವುದೂ ಸರಿಯಲ್ಲ. ಕಟ್ಟಲೇ, ಬೇಡವೇ, ನೀವು ಹೇಳಿ.

ಐಲ್ಸಾ

⁂

ನೆಲ್ಸನ್
10 ಮಾರ್ಚ್ 1992

ಐಲ್ಸಾ,

ನಿನ್ನ ಕಾಗದವನ್ನು ಅಂಚೆಪೆಟ್ಟಿಗೆಯ ಹತ್ತಿರವೇ ಎರಡೂ ಕೋಲು ಬಗಲಿಗೆ ಒತ್ತಿಕೊಂಡು ನಿಂತು ಓದಿದೆ. ಪಕ್ಕದ ಮನೆಯಾಕೆ ಬಂದು "ಏನ್ರೀ ಎಫೀ, ಯಾರಾದ್ರೂ ತೀರ್ಕೊಂಡ್ರಾ?" ಎಂದಳು. "ಇಲ್ಲ, ಮೂರು ಹೆಚ್ಚಾಗಿದಾರೆ" ಎಂದೆ. ಪಾಪ, ಅವಳಿಗೆ ಏನು ಅರ್ಥವಾಯಿತೋ.

ಇಪ್ಪತ್ತು ಎಂದು ಕುಣಿಯಬೇಡ. ತಿಂಗಳು ಬೇರೆ, ಎಣಿಸಿದವಳು ಬೇರೆ, ಹನ್ನೊಂದನೆಯದು ಐದಾರು ಹೆಜ್ಜೆ ಆಚೀಚೆ. ಇದನ್ನೆಲ್ಲ ಇಲಾಖೆಗೆ ಬರೆದೆ. ಗುಪ್ಪೆ ಕೆಡವಿದ್ದನ್ನೂ ಬರೆದೆ, ಕೆಡವಿದವಳ ಹೆಸರನ್ನೂ. ನಿನ್ನೆ ಅವರೇ ಫೋನು ಮಾಡಿದ್ದರು. "ಇಷ್ಟು ತಪ್ಪು ತಾವೇ ಒಪ್ಪಿಕೊಂಡಿರೋ ಲೆಕ್ಕಾನ ನಂಬದೆ ಇನ್ಯಾವುದನ್ನ ನಂಬೋಣ ಮೇಡಂ?" ಎಂದ ಆ ಹುಡುಗ. ಇನ್ನೂ ಎರಡು ವರ್ಷ ಬೋನು ಇರುತ್ತದೆ. ಆ ಎರಡು ವರ್ಷವೂ ಲೆಕ್ಕ ಕೊಡಬೇಕಂತೆ. ಕೊಡುತ್ತೇವೆ ಎಂದೆ. ನಿನ್ನನ್ನು ಕೇಳಲಿಲ್ಲ.

ಏಳರ ವಿಚಾರ. ಜಾಗ ತಪ್ಪಿಲ್ಲ. ಅಲ್ಲಿ ಹಕ್ಕಿ ಇರುವುದಿಲ್ಲ ಎಂದು ನನಗೆ ಮೊದಲ ವರ್ಷವೇ ಗೊತ್ತಿತ್ತು. ಆರನೆಯದು ಮುಗಿಸಿ ಹತ್ತುವಷ್ಟರಲ್ಲಿ ನನಗೆ ದಣಿವು. ಅಲ್ಲಿ ಬೆನ್ನಿಗೊಂದು ಬಂಡೆ, ಎದುರಿಗೆ ಇಡೀ ಕಣಿವೆ. ಫ್ಲಾಸ್ಕಿನ ಚಹಾ ಕುಡಿಯಲು ಅದಕ್ಕಿಂತ ಒಳ್ಳೆಯ ಜಾಗ ಈ ಭೂಮಿಯ ಮೇಲಿಲ್ಲ. ಸುಮ್ಮನೆ ಕೂರಲು ನಾಚಿಕೆಯಾಗಿ ಅಲ್ಲೂ ಒಂದು ಗುಪ್ಪೆ ಕಟ್ಟಿದೆ. ಕಟ್ಟಿದ ಮೇಲೆ ಎಣಿಸಬೇಕಲ್ಲ? ಇಪ್ಪತ್ತೆಂಟು ವರ್ಷ ಪ್ರಾಮಾಣಿಕವಾಗಿ ಸೊನ್ನೆ ಬರೆದೆ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ. ಈಗ ಆ ಕಾಲಮ್ಮಿನಲ್ಲಿ ಮೊದಲ ಸಲ ಒಂದು ಎಂದು ಬರೆದೆ. ಅಂಕಿ ವಾರೆಯಾಗಿದೆ, ಇರಲಿ.

ಗುಪ್ಪೆ ಕಟ್ಟು. ಆದರೆ ಎಣಿಸುವಾಗ ನನ್ನಷ್ಟು ಕುಳ್ಳಾಗಿ ಮುದುರಿ ಕೂರಬೇಡ, ಹಾಗೆ ಕೂತರೆ ನಲವತ್ತಕ್ಕೇ ನಿನ್ನ ಸೊಂಟವೂ ಹೋಗುತ್ತದೆ. ಅದೇ ಹನ್ನೊಂದು ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರು. ನಿನ್ನ ಕಣ್ಣಿಗೆ ಎದುರಿಗೆ ಏನು ಕಾಣುತ್ತದೆ ಎಂದು ಹೊಸದಾಗಿ ಬರೆ. ಕೆರೆ ಬಂಡೆಯ ಮೇಲಿಂದ ಇಣುಕಿದರೆ ಇಣುಕುತ್ತದೆ ಎಂದು ಬರೆ.

ಎಫೀ ಅತ್ತೆ